ಗೋಲು ಹೊಡೆಯದ ವಿಂಗರ್‌ಗೆ ನಾಲ್ಕು ಪುಟ ಏಕೆ?

ಓದುಗರ ಪತ್ರ (ದಾವಣಗೆರೆಯಿಂದ, ಸಂಕ್ಷಿಪ್ತವಾಗಿ): ಕಳೆದ ಸಂಚಿಕೆಯಲ್ಲಿ ಸ್ಪೇನ್‌ನ ಫುಟ್‌ಬಾಲ್ ವಿಂಗರ್ (ಮೈದಾನದ ಅಂಚಿನಲ್ಲಿ ಓಡುವ ಮುನ್ನುಗ್ಗು ಆಟಗಾರ) ಹೆಸೂಸ್ ನವಾಸ್‌ಗೆ ನಾಲ್ಕು ಪುಟ ಕೊಟ್ಟಿದ್ದೀರಿ. ಆತ ಹೊಡೆದ ಗೋಲುಗಳು ಬೆರಳೆಣಿಕೆಯಷ್ಟು. ಊರು ಬಿಡಲು ಹೆದರಿ ಚೆಲ್ಸಿಯಂಥ ಕ್ಲಬ್ಬನ್ನು ಕೈಬಿಟ್ಟ. ವಯಸ್ಸಾದ ಮೇಲೆ ರೈಟ್ ಬ್ಯಾಕ್ (ಬಲಬದಿಯ ರಕ್ಷಣಾ ಆಟಗಾರ) ಆಗಿ ದಿನ ದೂಡಿದ. ಕೊನೆಗೆ ಫ್ರಾನ್ಸ್‌ನ ಎಂಬಾಪೆ ಎದುರು ಪೇಚಾಡಿದ. ಇಂಥವನನ್ನು ದೊಡ್ಡ ವಿಂಗರ್ ಎನ್ನುವುದು ಹೇಗೆ?

ಸಂಪಾದಕರ ಉತ್ತರ:

ಪತ್ರ ಖಾರವಾಗಿದೆ, ಸಂತೋಷ. ಗೋಲುಗಳ ವಿಷಯದಲ್ಲಿ ನಿಮ್ಮ ಮಾತು ಬಹುಪಾಲು ನಿಜ, ಆದರೂ ‘ಬೆರಳೆಣಿಕೆ’ ಎಂದದ್ದು ಅನ್ಯಾಯವೇ. 2013ರ ನವೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿ ಪರ ಟಾಟನ್‌ಹ್ಯಾಮ್ ವಿರುದ್ಧ ಆಟ ಶುರುವಾದ 14ನೇ ಸೆಕೆಂಡಿಗೇ ಗೋಲು ಹೊಡೆದವರು ಇದೇ ನವಾಸ್. ಆದರೆ ಅವರ ಕಸುಬು ಅದಲ್ಲ. ಬಲಗೆರೆಗೆ ಅಂಟಿಕೊಂಡು ಓಡುವುದು, ಎದುರಾಳಿಯಿಂದ ಒಂದು ಹೆಜ್ಜೆ ಬಿಡಿಸಿಕೊಳ್ಳುವುದು, ಅಂಚಿನಿಂದ ಗೋಲಿನ ಮುಂದಕ್ಕೆ ಚೆಂಡು ಕಳಿಸುವುದು, ಅಂದರೆ ಕ್ರಾಸ್ ಹಾಕುವುದು, ಇಷ್ಟೇ ಅವರ ಆಟ. ಇಂದಿನ ವಿಂಗರ್‌ಗಳಲ್ಲಿ ಹೆಚ್ಚಿನವರು ಒಳಕ್ಕೆ ತಿರುಗಿ ತಾವೇ ಗುರಿಯಿಡುತ್ತಾರೆ. ನಮ್ಮ ಕಣ್ಣು ಅದಕ್ಕೆ ಒಗ್ಗಿಹೋಗಿದೆ.

ಆ ಕ್ರಾಸ್‌ಗಳಿಂದ ಏನಾಯಿತು ಎನ್ನುವುದನ್ನು ನೋಡಿ. 2020ರಲ್ಲಿ ಯುರೋಪಿನ ಕ್ಲಬ್‌ಗಳ ಟೂರ್ನಿಯಾದ ಯುರೋಪಾ ಲೀಗ್ ಸೆಮಿಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಅವರ ತವರು ಕ್ಲಬ್ ಸೆವಿಯಾವನ್ನು ಗೆಲ್ಲಿಸಿದ ಡಿ ಯಾಂಗ್ ಗೋಲಿಗೆ ಚೆಂಡು ಬಂದದ್ದು ನವಾಸ್ ಕಾಲಿನಿಂದ. ಇಂಟರ್ ವಿರುದ್ಧದ ಫೈನಲ್‌ನಲ್ಲಿ ಅದೇ ಡಿ ಯಾಂಗ್ ತಲೆಯಿಂದ ಹೊಡೆದ ಮೊದಲ ಗೋಲಿಗೂ ಹಾಗೆಯೇ. 2023ರ ಫೈನಲ್‌ನಲ್ಲಿ ರೋಮಾದ ಮಾಂಚಿನಿ ತಮ್ಮದೇ ಗೋಲಿಗೆ ಚೆಂಡು ತಳ್ಳಿದ್ದು ನವಾಸ್ ಹಾಕಿದ ಕ್ರಾಸ್ ತಡೆಯಲು ಹೋಗಿ. ಎರಡೂ ಕಪ್ ಸೆವಿಯಾಕ್ಕೆ ಬಂದವು. ಆ ಹೊತ್ತಿಗೆ ಅವರು ಆಡುತ್ತಿದ್ದುದು ನೀವು ಹೇಳುವ ‘ದಿನ ದೂಡುವ’ ರೈಟ್ ಬ್ಯಾಕ್ ಜಾಗದಲ್ಲಿ!

ಆ ಜಾಗದ ಬಗ್ಗೆ ಇನ್ನೊಂದು ಮಾತು. 2006 ಮತ್ತು 2007ರಲ್ಲಿ ಸೆವಿಯಾ ಯುಯೆಫಾ ಕಪ್ (ಯುರೋಪಾ ಲೀಗ್‌ನ ಹಳೆಯ ಹೆಸರು) ಗೆದ್ದಾಗ ಬಲಬದಿಯಲ್ಲಿ ನವಾಸ್ ಮುಂದೆ, ಡಾನಿ ಆಲ್ವೆಸ್ ಹಿಂದೆ. ಆಲ್ವೆಸ್ ಹಿಂದಿನಿಂದ ನುಗ್ಗಿ ಬರುವುದನ್ನು ದಿನವೂ ಪಕ್ಕದಲ್ಲೇ ಕಂಡವರಿಗೆ ಆ ಕೆಲಸ ಹೊಸದೇನಲ್ಲ. ಮ್ಯಾಂಚೆಸ್ಟರ್ ಸಿಟಿಯಲ್ಲಿ ತರಬೇತುದಾರ ಗ್ವಾರ್ಡಿಯೋಲಾ ನವಾಸ್‌ರನ್ನು ಅಲ್ಲಿ ಆಡಿಸಿ ನೋಡಿದರು, 2017ರಲ್ಲಿ ಊರಿಗೆ ಮರಳಿದ ಮೇಲೆ ಅದೇ ಖಾಯಂ ಆಯಿತು. ವೇಗವನ್ನೇ ನಂಬಿದ ಆಟಗಾರರಲ್ಲಿ ಬಹಳ ಮಂದಿ ಮೂವತ್ತು ದಾಟುತ್ತಲೇ ಬೆಂಚಿಗೆ ಸರಿಯುತ್ತಾರೆ. ಇವರು ಇಪ್ಪತ್ತು ಗಜ ಹಿಂದೆ ನಿಂತು ಇನ್ನೂ ಏಳು ವರ್ಷ ಆಡಿದರು.

ಇನ್ನು ಚೆಲ್ಸಿ. ಪತ್ರದಲ್ಲಿ ನನಗೆ ನಿಜಕ್ಕೂ ಚುಚ್ಚಿದ್ದು ‘ಹೆದರಿ’ ಎಂಬ ಮಾತು. ಸೆವಿಯಾ ಬಳಿಯ ಲಾಸ್ ಪಲಾಸಿಯೋಸ್ ಎಂಬ ಊರಿನ ಹುಡುಗ, 2003ರಲ್ಲಿ ಹದಿನೆಂಟಕ್ಕೆ ಸೆವಿಯಾದ ಹಿರಿಯರ ತಂಡ ಸೇರಿದವನು. ಊರಿನಿಂದ ದೂರ ಶಿಬಿರಕ್ಕೆ ಹೋದರೆ ಆತಂಕ ಉಕ್ಕಿ ಮೈ ನಡುಗುವಷ್ಟು ಕಷ್ಟ. ಅದು ಹೇಡಿತನವಲ್ಲ, ಕಾಯಿಲೆ. ಅದಕ್ಕೆ ಚಿಕಿತ್ಸೆ ಪಡೆದರು. ಸೆವಿಯಾ ಕ್ಲಬ್ಬೂ ಅವಸರ ಮಾಡಲಿಲ್ಲ, ಇದು ಆ ಕಾಲದ ಫುಟ್‌ಬಾಲ್‌ನಲ್ಲಿ ಅಪರೂಪ. 2009ರ ನವೆಂಬರ್‌ನಲ್ಲಿ ಅರ್ಜೆಂಟೀನಾ ವಿರುದ್ಧ ಸ್ಪೇನ್ ಪರ ಮೊದಲ ಬಾರಿ ಆಡಿದರು. ಎಂಟು ತಿಂಗಳು ಕಳೆಯುವಷ್ಟರಲ್ಲಿ, ಮನೆಯಿಂದ ಅಷ್ಟು ದೂರದ ಜೊಹಾನ್ಸ್‌ಬರ್ಗ್‌ನಲ್ಲಿ ವಿಶ್ವಕಪ್ ಫೈನಲ್‌ಗೆ ಪೆಡ್ರೊ ಬದಲು ಕಣಕ್ಕಿಳಿದರು. 116ನೇ ನಿಮಿಷದ ಇನಿಯೆಸ್ತಾ ಗೋಲು ಎಲ್ಲರಿಗೂ ಗೊತ್ತು. ವಿಡಿಯೋವನ್ನು ಸ್ವಲ್ಪ ಹಿಂದಕ್ಕೆ ಓಡಿಸಿ ನೋಡಿ: ಸ್ವಂತ ಅರ್ಧದಿಂದ ಚೆಂಡು ಹೊತ್ತು ಬಲಬದಿಯಲ್ಲಿ ಓಟ ಕಿತ್ತವರು ನವಾಸ್. ಮೂರು ವರ್ಷದ ನಂತರ ಇಂಗ್ಲೆಂಡಿಗೂ ಹೋದರು, 2014ರಲ್ಲಿ ಪ್ರೀಮಿಯರ್ ಲೀಗ್ ಗೆದ್ದರು. ಹೋಗಲಾರದವರಲ್ಲ, ತಮಗೆ ಆದಾಗ ಹೋದವರು. 2006ರಲ್ಲಿ ಚೆಲ್ಸಿ ಕರೆದಾಗಲೇ ಲಂಡನ್‌ಗೆ ಹೊರಟಿದ್ದರೆ ಈ ವೃತ್ತಿಜೀವನವೇ ಇರುತ್ತಿರಲಿಲ್ಲ ಎಂದು ನನ್ನ ಅನಿಸಿಕೆ.

ಎಂಬಾಪೆ ವಿಷಯಕ್ಕೆ ಬರೋಣ. 2024ರ ಜುಲೈ 9, ಮ್ಯೂನಿಕ್, ಯುರೋ ಸೆಮಿಫೈನಲ್. ಸ್ಪೇನ್‌ನ ಖಾಯಂ ರೈಟ್ ಬ್ಯಾಕ್ ಕಾರ್ವಹಾಲ್‌ಗೆ ನಿಷೇಧ; ಹಾಗಾಗಿ ನವಾಸ್‌ಗೆ ಅವಕಾಶ. ವಯಸ್ಸು 38, ಸೊಂಟದ ಕೀಲಿನ ನೋವು ವರ್ಷಗಳಿಂದ ಬಿಟ್ಟಿರಲಿಲ್ಲ. ಫ್ರಾನ್ಸ್‌ನ ಮೊದಲ ಗೋಲಿಗೆ ಎಂಬಾಪೆ ಕ್ರಾಸ್ ಹಾಕಿದ್ದು ಅವರ ಬದಿಯಿಂದಲೇ, ಒಪ್ಪಿದೆ. ಹಳದಿ ಕಾರ್ಡೂ ಬಿತ್ತು. ಆದರೆ ಸುಮಾರು ಒಂದು ಗಂಟೆ ಆಡಿ ಅವರು ಹೊರಬರುವಾಗ ಸ್ಪೇನ್ 2-1 ಮುಂದಿತ್ತು, ಕೊನೆಗೂ ಅಂಕ ಹಾಗೆಯೇ ಉಳಿಯಿತು. 2010ರ ವಿಶ್ವಕಪ್ ಗೆದ್ದ ತಂಡದಿಂದ ಆ ಯುರೋ ತಂಡದಲ್ಲಿ ಉಳಿದಿದ್ದವರು ಅವರೊಬ್ಬರೇ. ಅದೇ ಡಿಸೆಂಬರ್‌ನಲ್ಲಿ ನಿವೃತ್ತರಾದಾಗ ಸೆವಿಯಾ ಪರ ಆಡಿದ ಪಂದ್ಯಗಳು 700 ದಾಟಿದ್ದವು.

ಮುಂದಿನ ಸಂಚಿಕೆಯಲ್ಲಾದರೂ ಹೆಚ್ಚು ಗೋಲು ಹೊಡೆದ ವಿಂಗರ್‌ಗಳ ಪಟ್ಟಿ ಹಾಕಿ ಎಂದು ಪತ್ರದ ಅಡಿಯಲ್ಲಿ ಬರೆದಿದ್ದೀರಿ. ಹಾಕೋಣ. ಪ್ರತಿ ಗೋಲಿಗೆ ಚೆಂಡು ಒದಗಿಸಿದವರ ಹೆಸರನ್ನೂ ಪಕ್ಕದ ಅಂಕಣದಲ್ಲಿ ಹಾಕುತ್ತೇವೆ, ಅದಕ್ಕೆ ನಿಮ್ಮ ಆಕ್ಷೇಪ ಇರಲಾರದು.