ಕಷ್ಟಕ್ಕಾದ ಧಣಿಯ ಹತ್ತಿರ ಹೊತ್ತಿನ ಮಾತು ಎತ್ತಬಹುದೇ?

ಪ್ರಶ್ನೆ: ನನಗೆ 26 ವರ್ಷ. ಬದಿಯಡ್ಕದ ಆಚೆ ಮನೆ. ಬಿ.ಕಾಂ. ಮುಗಿಸಿ ಮೂರು ವರ್ಷದಿಂದ ಕಾಸರಗೋಡು ಪೇಟೆಯ ಒಂದು ಜವಳಿ ಅಂಗಡಿಯಲ್ಲಿದ್ದೇನೆ. ಸಂಬಳ 12 ಸಾವಿರ. ವಾರಕ್ಕೆ ಆರು ದಿನ, ಬೆಳಿಗ್ಗೆ 9.15ರಿಂದ ರಾತ್ರಿ 8ರ ತನಕ. ಊಟಕ್ಕೆ ಅರ್ಧ ಗಂಟೆ. ಗಿರಾಕಿ ಇಲ್ಲದಿದ್ದರೂ ಕೂರುವ ಹಾಗಿಲ್ಲ. ಸಂಜೆಗೆ ಕಾಲು ಬಾತುಕೊಳ್ಳುತ್ತದೆ. ಮನೆ ಮುಟ್ಟುವಾಗ 9 ದಾಟುತ್ತದೆ. ಸರ್ಕಾರಿ ಕೆಲಸದ ಪಿಎಸ್‌ಸಿ ಪರೀಕ್ಷೆಗೆಂದು ತಂದ ಪುಸ್ತಕ ಹಾಗೇ ಇದೆ. ಧಣಿಯ ಹತ್ತಿರ ಮಾತಾಡೋಣವೆಂದರೆ, ಅಪ್ಪನ ಆಪರೇಷನ್ನಿಗೆ 40 ಸಾವಿರ ಅಡ್ವಾನ್ಸ್ ಕೊಟ್ಟವರು ಅವರೇ. ಇನ್ನೂ 18 ಸಾವಿರ ಬಾಕಿ. ‘ಉಂಡ ಮನೆಗೆ ದ್ರೋಹ ಬಗೆಯಬಾರದು’ ಎನ್ನುತ್ತಾರೆ ಅಮ್ಮ. ಹೇಗೂ ಮದುವೆಯಾದರೆ ಕೆಲಸ ಬಿಡುತ್ತೀಯಲ್ಲ ಎಂದೂ ಹೇಳುತ್ತಾರೆ. ಹೊತ್ತು ಕಡಿಮೆ ಮಾಡಿ ಎಂದು ಕೇಳಿದರೆ ನಾನು ಉಪಕಾರ ಮರೆತ ಹಾಗಾಗುತ್ತದೆಯೇ?

— ಹೆಸರು ಬೇಡ

ಉತ್ತರ: ಇಲ್ಲ ತಂಗಿ, ಖಂಡಿತ ಇಲ್ಲ. ಧಣಿ ನಿಮ್ಮ ಕಷ್ಟಕ್ಕೆ ಆದರು. ಅದು ದೊಡ್ಡ ವಿಷಯ, ನೀವು ಅದನ್ನು ನೆನೆಯುವುದೂ ಸರಿಯೇ. ಆದರೆ ಅವರು ಕೊಟ್ಟದ್ದು ದುಡ್ಡು. ಅದನ್ನು ದುಡ್ಡಿನಲ್ಲೇ ತೀರಿಸುತ್ತಿದ್ದೀರಿ, ಅರ್ಧಕ್ಕಿಂತ ಜಾಸ್ತಿ ತೀರಿಸಿಯೂ ಆಯಿತು. ಅದರ ಮೇಲೆ ಕಾಲು, ನಿದ್ದೆ, ಓದು ಎಲ್ಲವನ್ನೂ ಬಡ್ಡಿಯಾಗಿ ಕೊಡುತ್ತೇನೆಂದು ನೀವು ಒಪ್ಪಿರಲಿಲ್ಲ, ಅಲ್ವಾ?

ಒಂದು ಲೆಕ್ಕ ನೋಡಿ. ಊಟದ ಅರ್ಧ ಗಂಟೆ ಕಳೆದರೂ ದಿನಕ್ಕೆ ಹತ್ತೂಕಾಲು ಗಂಟೆ ಕೆಲಸ. ಆರು ದಿನಕ್ಕೆ 61 ಗಂಟೆ 30 ನಿಮಿಷ. 1960ರ ಕೇರಳ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹೇಳುವುದು ದಿನಕ್ಕೆ 8 ಗಂಟೆ, ವಾರಕ್ಕೆ 48. ಅದಕ್ಕಿಂತ ಜಾಸ್ತಿ ದುಡಿಸಿದರೆ ಆ ಹೊತ್ತಿಗೆ ಎರಡು ಪಟ್ಟು ಕೂಲಿ ಕೊಡಬೇಕು. ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆ ಎಂದು ಹಿಡಿದರೆ ನಿಮ್ಮ ಒಂದು ಗಂಟೆಯ ಕೂಲಿ 57 ರೂಪಾಯಿ ಚಿಲ್ಲರೆ. ವಾರಕ್ಕೆ ಹದಿಮೂರೂವರೆ ಗಂಟೆ ಹೆಚ್ಚುವರಿ ಕೆಲಸಕ್ಕೆ ಎರಡು ಪಟ್ಟಿನಂತೆ ಸುಮಾರು 1,550 ರೂಪಾಯಿ ಬರಬೇಕಿತ್ತು. ಅದು ಸಿಕ್ಕಿದ್ದರೆ ಬಾಕಿ ಇರುವ 18 ಸಾವಿರ ಮೂರು ತಿಂಗಳೊಳಗೆ ತೀರುತ್ತಿತ್ತು. ನೀವು ಮೂರು ವರ್ಷದಿಂದ ಹೀಗೆ ದುಡಿಯುತ್ತಿದ್ದೀರಿ. ಈ ಲೆಕ್ಕವನ್ನು ಅಮ್ಮನಿಗೂ ಒಮ್ಮೆ ಓದಿ ಹೇಳಿ. ಯಾರ ಋಣ ಯಾರ ಮೇಲಿದೆ ಎಂದು ಅವರೂ ಯೋಚಿಸಲಿ.

ಕಾಲಿನ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕಾಲಿನ ರಕ್ತ ಮೇಲೆ ಹೃದಯಕ್ಕೆ ಹೋಗಬೇಕಾದರೆ ಮೀನಖಂಡ ಅದನ್ನು ಒತ್ತಿ ಕಳಿಸಬೇಕು. ನಡೆಯುವಾಗ ಅದು ತಾನಾಗಿಯೇ ಆಗುತ್ತದೆ. ಕೌಂಟರಿನ ಹಿಂದೆ ಒಂದೇ ಕಡೆ ನಿಂತರೆ ಆಗುವುದಿಲ್ಲ. ರಕ್ತ ಕೆಳಗೇ ತುಂಬಿ ಕಾಲು ಬಾತುಕೊಳ್ಳುತ್ತದೆ. ಹೀಗೇ ವರ್ಷಗಟ್ಟಲೆ ನಡೆದರೆ ರಕ್ತನಾಳ ಉಬ್ಬಿ ವೆರಿಕೋಸ್ ವೇನ್ ಆಗುವುದುಂಟು. ಟಾಯ್ಲೆಟ್ಟಿಗೆ ಹೋಗಲು ಬಿಡುವಿಲ್ಲ ಎಂದು ನೀರು ಕುಡಿಯುವುದನ್ನೂ ಬಿಟ್ಟಿದ್ದೀರಾ? ಅಂಗಡಿ ಕೆಲಸದ ಹುಡುಗಿಯರಲ್ಲಿ ಇದು ತುಂಬ ಇದೆ. ಹೀಗೆ ಮಾಡಿದರೆ ಮೂತ್ರದ ಸೋಂಕು ಬರುವುದುಂಟು. ದಯವಿಟ್ಟು ನೀರು ಕುಡಿಯಿರಿ.

ಇನ್ನೂ ದೊಡ್ಡ ಸಂಗತಿ ಒಂದಿದೆ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಅಂದಾಜು ಕೊಟ್ಟವು. 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ ಇವರಿಗೆ ಪಾರ್ಶ್ವವಾಯುವಿನ ಅಪಾಯ ಶೇಕಡ 35ರಷ್ಟು ಜಾಸ್ತಿ. 2016ರಲ್ಲಿ ಇಂಥ ದುಡಿಮೆಯಿಂದಾದ ಪಾರ್ಶ್ವವಾಯು ಮತ್ತು ಹೃದ್ರೋಗಕ್ಕೆ ಲೋಕದಲ್ಲಿ ಸುಮಾರು 7.45 ಲಕ್ಷ ಜನ ಬಲಿಯಾದರು. ಹೆದರಿಸಲು ಹೇಳುತ್ತಿಲ್ಲ. 26ಕ್ಕೆ ನಾಳೆಯೇ ಏನೂ ಆಗುವುದಿಲ್ಲ. ಆದರೆ ‘ಸುಮ್ನೆ ಸುಸ್ತು’ ಎಂದು ತಳ್ಳಿಹಾಕುವ ಮಾತೂ ಇದಲ್ಲ.

ಕೂರುವ ವಿಷಯದಲ್ಲಂತೂ ನೀವು ಯಾರ ದಯೆಯನ್ನೂ ಕೇಳಬೇಕಾಗಿಲ್ಲ. ಕೋಯಿಕ್ಕೋಡಿನ ಮಿಠಾಯಿ ತೆರುವು ಎಂಬ ಪೇಟೆ ಬೀದಿಯ ಅಂಗಡಿಗಳಲ್ಲಿ ನಿಮ್ಮ ಹಾಗೇ ನಿಂತು ಬೇಸತ್ತ ಹೆಂಗಸರನ್ನು ಪಿ. ವಿಜಿ ಎಂಬ ಟೈಲರ್ ಒಟ್ಟುಗೂಡಿಸಿದರು. ಮೊದಲು ಟಾಯ್ಲೆಟ್ ಕೇಳಿದರು, ಆಮೇಲೆ ಕೂರುವ ಹಕ್ಕು. ವರ್ಷಗಟ್ಟಲೆ ಹೋರಾಡಿದ ಮೇಲೆ 2018ರಲ್ಲಿ ಕೇರಳ ಸರ್ಕಾರ ಕಾಯ್ದೆ ತಿದ್ದಿತು. ಅಂಗಡಿಯಲ್ಲಿ ಕೆಲಸಗಾರರಿಗೆ ಆಸನ ಇಡಲೇಬೇಕು. 2021ರಲ್ಲಿ ತಮಿಳುನಾಡೂ ಇಂಥದ್ದೇ ಕಾನೂನು ತಂದಿತು. ನಮ್ಮದೇ ರಾಜ್ಯದ ಅಂಗಡಿ ಹೆಂಗಸರು ಗೆದ್ದು ಕೊಟ್ಟ ಹಕ್ಕು ಇದು. ಅವರು ಯಾರೂ ದೊಡ್ಡ ಮನೆಯವರಾಗಿರಲಿಲ್ಲ.

ಈಗ ಮಾತಾಡುವ ಬಗೆ. ಒಬ್ಬರೇ ಹೋಗಬೇಡಿ. ಜೊತೆಯವರಲ್ಲಿ ಇಬ್ಬರು ಮೂವರನ್ನಾದರೂ ಒಪ್ಪಿಸಿ. ಓಣಂ, ಪೆರ್ನಾಳ್ (ಈದ್) ರಶ್ಶಿನಲ್ಲಿ ಬೇಡ. ವ್ಯಾಪಾರ ತಣ್ಣಗಿರುವ ಮಧ್ಯಾಹ್ನ ಹೋಗಿ. ಮೊದಲು ಉಪಕಾರದ ಮಾತನ್ನೇ ಎತ್ತಿ: “ಅಪ್ಪನಿಗೆ ನೀವು ಮಾಡಿದ್ದನ್ನು ಮರೆತಿಲ್ಲ. ಬಾಕಿಯನ್ನು ತಿಂಗಳು ತಿಂಗಳು ಇಷ್ಟು ಎಂದು ಬರೆದುಕೊಳ್ಳಿ. ಆದರೆ ಇಷ್ಟು ಹೊತ್ತು ನಿಲ್ಲಲು ಆಗುತ್ತಿಲ್ಲ.” ಆಮೇಲೆ ದಾರಿಯನ್ನೂ ನೀವೇ ತೋರಿಸಿ. ಅರ್ಧ ಜನ 9.15ರಿಂದ 6.15, ಉಳಿದವರು 11ರಿಂದ 8. ಊಟಕ್ಕೆ ಒಂದು ಗಂಟೆ ಬಿಟ್ಟರೆ ಎಲ್ಲರಿಗೂ ಸರಿಯಾಗಿ 8 ಗಂಟೆ. ಅಂಗಡಿಯೂ ಮುಚ್ಚುವುದಿಲ್ಲ. ಪಾಳಿ ವಾರ ವಾರ ಬದಲಾಗಲಿ.

ಅವರು ಒಪ್ಪದಿರಬಹುದು, ಸಿಟ್ಟಾಗಲೂಬಹುದು. ಅದಕ್ಕೇ ಇವತ್ತಿನಿಂದಲೇ ಹೋದ ಹೊತ್ತು, ಬಿಟ್ಟ ಹೊತ್ತು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಬೇರೆ ಅಂಗಡಿಗಳಲ್ಲೂ ಸದ್ದಿಲ್ಲದೆ ವಿಚಾರಿಸಿ. ಬೇಕಾದರೆ ಲೇಬರ್ ಆಫೀಸಿಗೆ ಹೋಗಿ. ಕನಿಷ್ಠ ಕೂಲಿ ಎಷ್ಟೆಂದೂ ಅಲ್ಲೇ ಕೇಳಿ. ಮಲಯಾಳಂನಲ್ಲಿ ಬರೆಯಲು ಕಷ್ಟವಾದರೆ ಅರ್ಜಿಯನ್ನು ಕನ್ನಡದಲ್ಲೇ ಕೊಡಿ. 1969ರ ಕೇರಳ ರಾಜಭಾಷಾ ಕಾಯ್ದೆಯಲ್ಲಿ ಇಲ್ಲಿನ ಕನ್ನಡಿಗರಿಗೆ ಆ ಹಕ್ಕಿದೆ, ಉತ್ತರವೂ ಕನ್ನಡದಲ್ಲೇ ಬರಬೇಕು.

ಇದು ನಿಮ್ಮೊಬ್ಬರ ಮಾತಲ್ಲ. ಡಿಗ್ರಿ ಮುಗಿಸಿದ ಎಷ್ಟೋ ಹುಡುಗಿಯರ ಹಗಲು ನಮ್ಮ ಪೇಟೆಯ ಅಂಗಡಿಗಳಲ್ಲಿ ಹೀಗೇ ಕಳೆಯುತ್ತಿದೆ. ಊರಿನ ವಾಚನಾಲಯಕ್ಕಾಗಲಿ, ಗ್ರಾಮಸಭೆಗಾಗಲಿ, ನೆಂಟರ ಮನೆಗಾಗಲಿ ಅವರು ಸಿಗುವುದಿಲ್ಲ. ಗ್ರಾಮಸಭೆಯಲ್ಲಿ ಅವರೇ ಇಲ್ಲದಿದ್ದರೆ ರಾತ್ರಿ ಬಸ್ಸಿಲ್ಲದ ತೊಂದರೆಯನ್ನು ಅಲ್ಲಿ ಎತ್ತುವವರು ಯಾರು? ಅಂಗಡಿ ಮುಚ್ಚುವ ಹೊತ್ತಿಗೆ ಹೋಗಿ ಹತ್ತು ಸೀರೆ ಬಿಚ್ಚಿಸುವ ನಾವೂ ಇದನ್ನು ಯೋಚಿಸಬೇಕು.

ಮದುವೆಯ ಮಾತು ಬೇರೆ, ಇದು ಬೇರೆ. ಎರಡನ್ನೂ ಗಂಟು ಹಾಕಬೇಡಿ. ಪಿಎಸ್‌ಸಿಯನ್ನು ಮಾತ್ರ ಬಿಡಬೇಡಿ. ಕನ್ನಡ, ಮಲಯಾಳಂ ಎರಡೂ ಬಲ್ಲವರಿಗೆಂದೇ ಜಿಲ್ಲೆಯಲ್ಲಿ ಕ್ಲರ್ಕ್ ಹುದ್ದೆಗಳಿವೆ. ನಿಮಗೆ ಬೇಕಾಗಿರುವುದು ಓದಲು ದಿನಕ್ಕೆ ಎರಡು ಗಂಟೆ. 6.15ಕ್ಕೆ ಬಿಟ್ಟರೆ ಅದು ಸಿಗುತ್ತದೆ.

ಈ ವಾರದ ರಜೆಯಂದು ಮೊದಲು ಡಾಕ್ಟರಿಗೆ ಕಾಲು ತೋರಿಸಿ. ಧಣಿಯ ಹತ್ತಿರ ಹೋಗುವಾಗ ಆ ಚೀಟಿಯೂ ಕೈಯಲ್ಲಿರಲಿ. ಏನಾಯಿತೆಂದು ನನಗೆ ಬರೆಯಿರಿ.