ಥ್ಯಾಂಕ್ಸ್‌ಗಿವಿಂಗ್ ನಮ್ಮ ಎಳ್ಳಮಾವಾಸ್ಯೆಯಂಥದೇ?

ಪ್ರಶ್ನೆ: ಅಮೆರಿಕದಲ್ಲಿರುವ ಮಗ ನವೆಂಬರಿನಲ್ಲಿ ‘ಥ್ಯಾಂಕ್ಸ್‌ಗಿವಿಂಗ್’ ರಜೆಯೆಂದು ಫೋನ್ ಮಾಡಿದ್ದ. ಅದು ನಮ್ಮ ಎಳ್ಳಮಾವಾಸ್ಯೆಯಂಥ ಹಬ್ಬವೇ? ಅಲ್ಲಿ ಎಲ್ಲರೂ ಆಚರಿಸುತ್ತಾರೆಯೇ?
– ಓದುಗರೊಬ್ಬರು, ಸಿಂಧನೂರು

ಉತ್ತರ: ಹೋಲಿಕೆ ಇದೆ, ಆದರೆ ಪೂರ್ತಿಯಾಗಿ ಅಲ್ಲ. 1621ರಲ್ಲಿ ಪ್ಲಿಮತ್‌ನ ಇಂಗ್ಲಿಷ್ ವಲಸೆಗಾರರು ಮೊದಲ ಸುಗ್ಗಿಯ ನಂತರ ಅಲ್ಲಿನ ವಾಂಪನೋಗ್ ಮೂಲನಿವಾಸಿಗಳೊಂದಿಗೆ ಮೂರು ದಿನ ಉಂಡರೆಂಬುದು ಇದರ ಮೂಲಕಥೆ. 1863ರಲ್ಲಿ ಅಂತರ್ಯುದ್ಧದ ನಡುವೆಯೇ ಅಧ್ಯಕ್ಷ ಲಿಂಕನ್ ಇದನ್ನು ರಾಷ್ಟ್ರಕ್ಕೆಲ್ಲ ಘೋಷಿಸಿದರು. ನವೆಂಬರಿನ ನಾಲ್ಕನೆಯ ಗುರುವಾರವೆಂದು ಕಾನೂನಾದದ್ದು 1941ರಲ್ಲಿ. ಹೆಚ್ಚಿನವರಿಗೆ ಅದು ಮನೆಮಂದಿ ಕೂಡಿ ಟರ್ಕಿ ಕೋಳಿ ಉಣ್ಣುವ ದಿನ. ಆದರೆ ತಮ್ಮ ನೆಲವನ್ನು ಕಳೆದುಕೊಂಡ ಮೂಲನಿವಾಸಿಗಳಲ್ಲಿ ಹಲವರು 1970ರಿಂದ ಅದೇ ದಿನ, ಅದೇ ಪ್ಲಿಮತ್‌ನಲ್ಲಿ ಸೇರಿ ಶೋಕದಿನ ಆಚರಿಸುತ್ತಾರೆ.

ಎಳ್ಳಮಾವಾಸ್ಯೆಯಂದು ನಮ್ಮ ಕೃತಜ್ಞತೆ ಸಲ್ಲುವುದು ನೇರವಾಗಿ ಭೂಮಿಗೆ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲುಗಳನ್ನಿಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜಿಸಿ, ಸಜ್ಜೆ ರೊಟ್ಟಿ, ಕಡುಬು, ಪುಂಡಿಪಲ್ಯ ಕಲಸಿದ ಚರಗವನ್ನು ಬೆಳೆಯ ಸಾಲಿನಲ್ಲಿ ಚೆಲ್ಲಿದ ಮೇಲೆಯೇ ನಾವು ಊಟಕ್ಕೆ ಕೂರುತ್ತೇವೆ. (ಅದರಲ್ಲಿ ಹಕ್ಕಿಗಳ ಪಾಲೇ ಹೆಚ್ಚೆಂಬುದು ಬೇರೆ ಮಾತು.) ಇಲ್ಲಿಯೂ ಹಬ್ಬ ಎಲ್ಲರಿಗೂ ಒಂದೇ ಅಲ್ಲ: ಸ್ವಂತ ಹೊಲವಿದ್ದವನು ಚೆಲ್ಲುವ ಚರಗ ಬೇರೆ, ಕಾಲುವೆಯ ಕೊನೆಭಾಗದಲ್ಲಿ ಲಾವಣಿಗೆ (ಗುತ್ತಿಗೆಗೆ) ಹೊಲ ಹಿಡಿದು ಭತ್ತ ಹಚ್ಚಿ ನೀರಿಗಾಗಿ ಕಾದವನದು ಬೇರೆ. ಹೊಲವಿಲ್ಲದ ಕೂಲಿಯವರನ್ನು ಊಟಕ್ಕೆ ಕರೆಯುತ್ತೇವೆ, ನಿಜ. ಉಣ್ಣುವಾಗ ಅವರಿಗೆ ಏನೆನಿಸುತ್ತದೆಂದು ಕೇಳಿದವರು ಕಡಿಮೆ.

ನಿಮ್ಮ ಮಗ ಆ ಗುರುವಾರ ಯಾರ ಮನೆಯಲ್ಲಿ ಉಂಡನೆಂದು ಕೇಳಿ ನೋಡಿ.