ಎರೆ ಮಣ್ಣಿನ ಮನೆಗೆ ಬಿರುಕು: ಪಾಯ ಅಗೆಸುವ ಮೊದಲು

ನಮಸ್ಕಾರ ಸರ್. ಹುಬ್ಬಳ್ಳಿಯ ಎರೆ ಮಣ್ಣಿನ ಮೇಲಿನ ಮನೆ, ಬೇಸಿಗೆಯಲ್ಲಿ ಬಿರುಕು ಅಗಲವಾಗಿ ಮಳೆಗಾಲದಲ್ಲಿ ಕೂಡಿಕೊಳ್ಳುತ್ತದೆ, ಕಾಂಟ್ರಾಕ್ಟರ್ ಸುತ್ತಲೂ ನಾಲ್ಕಡಿ ಅಗೆದು ಕಾಂಕ್ರೀಟ್ ಹಾಕಬೇಕು ಅಂತಾರೆ, ಒಪ್ಪಬೇಕಾ ಅಂತ ಕೇಳಿದ್ದೀರಿ. ಈಗಲೇ ಬೇಡ. ಎರೆ ಮಣ್ಣು ನೆನೆದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಈ ಉಬ್ಬು-ಕುಗ್ಗು ಸುಮಾರು 3.5 ಮೀಟರ್ ಆಳದವರೆಗೂ ಇರಬಹುದು, ಅದಕ್ಕೇ ಹೊಸ ಮನೆಗೆ ಅಂಡರ್‌ರೀಮ್ಡ್ ಪೈಲ್, ಅಂದರೆ ಬುಡ ಅಗಲ ಮಾಡಿದ ಆಳದ ಕಾಂಕ್ರೀಟ್ ಕಂಬ ಹಾಕುತ್ತಾರೆ. ನಾಲ್ಕಡಿಯ ಕಾಂಕ್ರೀಟ್ ಮಣ್ಣಿನ ಜೊತೆಗೇ ಏರಿಳಿಯುತ್ತದೆ, ಸುಮ್ನೆ ದುಡ್ಡು ದಂಡ.

ಮೊದಲು ನೀರು ನೋಡಿ. ಬಚ್ಚಲ ಪೈಪ್ ಸೋರುತ್ತಿದೆಯಾ, ಮಾಳಿಗೆ ನೀರು ಗೋಡೆ ಬುಡಕ್ಕೇ ಬೀಳುತ್ತಿದೆಯಾ? ಪಕ್ಕದಲ್ಲಿ ದೊಡ್ಡ ಮರ ಇದ್ದರೆ ದಿಢೀರಂತ ಕಡಿಸಬೇಡಿ, ಅದು ಹೀರುತ್ತಿದ್ದ ನೀರೆಲ್ಲ ಮಣ್ಣಲ್ಲೇ ಉಳಿದು ಉಬ್ಬು ಜಾಸ್ತಿಯಾಗುತ್ತದೆ. ಮನೆ ಸುತ್ತ ಐದಾರು ಅಡಿ ಅಗಲಕ್ಕೆ, ಹೊರಗೆ ಇಳಿಜಾರಾಗಿ ಕಾಂಕ್ರೀಟ್ ಹಾಸು ಮಾಡಿಸಿ. ಪಾಯದ ಕೆಲಸಕ್ಕೆ ಹೋಲಿಸಿದರೆ ಇದರ ಖರ್ಚು ಏನೂ ಅಲ್ಲ. ಬಿರುಕಿನ ಎರಡೂ ಬದಿಗೆ ಗೆರೆ ಎಳೆದು, ತಿಂಗಳಿಗೊಮ್ಮೆ ಅಳೆದು, ತಾರೀಖಿನ ಜೊತೆ ಗೋಡೆ ಮೇಲೇ ಬರೆದಿಡಿ. ಒಂದು ಬೇಸಿಗೆ, ಒಂದು ಮಳೆಗಾಲ ಕಳೆಯಲಿ.

ಆಮೇಲೂ ಬಿರುಕು ಬೆಳೆಯುತ್ತಿದ್ದರೆ ಫೀಸ್ ಕೊಟ್ಟು ಸ್ಟ್ರಕ್ಚರಲ್ ಇಂಜಿನಿಯರ್‌ಗೆ ತೋರಿಸಿ, ಕೆಲಸ ಹಿಡಿಯುವ ಕಾಂಟ್ರಾಕ್ಟರ್‌ಗಲ್ಲ. ಅಂಡರ್‌ಪಿನ್ನಿಂಗ್ (ಇರುವ ಪಾಯದ ಕೆಳಗೆ ಅಗೆದು ಹೊಸ ಆಧಾರ ಕೊಡುವುದು) ಬೇಕೇ ಬೇಕು ಅಂದರೆ ಒಂದೇ ಸಲ ಸುತ್ತಲೂ ಅಗೆಯಲು ಬಿಡಬೇಡಿ, ಮೀಟರ್ ಉದ್ದದ ತುಂಡು, ಒಂದು ಬಿಟ್ಟು ಒಂದು. ರೇಟನ್ನೂ ಒಟ್ಟು ಮೊತ್ತದಲ್ಲಿ ಒಪ್ಪಬೇಡಿ, ಆಳ, ಕಬ್ಬಿಣ, ರನ್ನಿಂಗ್ ಮೀಟರ್ ದರ (ಉದ್ದದ ಒಂದೊಂದು ಮೀಟರ್‌ಗೆ ಎಷ್ಟು ಅಂತ) ಬೇರೆ ಬೇರೆ ಬರೆಸಿಕೊಳ್ಳಿ.